ಟ್ಯಾಬ್‌ನ ವೈ-ಫೈ ಪದೇ ಪದೇ ಹೋಗುತ್ತಿದೆ, ಅಮ್ಮನ ವಿಡಿಯೋ ಕಾಲ್ ಅರ್ಧಕ್ಕೇ ನಿಲ್ಲುತ್ತಿದೆ

ಅಮ್ಮನ_ಮಗಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಅಮ್ಮನಿಗೆ 71 ವರ್ಷ. ಎರಡೂ ಕಿವಿ ಮಂದ. ಬ್ಲೂಟೂತ್ ಇರುವ ಕಿವಿ ಮಿಷನ್ ಹಾಕಿಕೊಳ್ಳುತ್ತಾರೆ, ಟ್ಯಾಬ್‌ನ ಸದ್ದು ನೇರವಾಗಿ ಅದಕ್ಕೇ ಬರುತ್ತದೆ. ಅಷ್ಟಿದ್ದರೂ ಮಾತು ಪೂರ್ತಿ ತಿಳಿಯಬೇಕಾದರೆ ಎದುರಿನವರ ತುಟಿ ಕಾಣಬೇಕು. ಹಾಗಾಗಿ ಬರೀ ಫೋನ್ ಮಾಡಿ ಮಾತಾಡುವುದು ಅವರಿಗೆ ಆಗುವುದಿಲ್ಲ. ನನ್ನ ತಂಗಿ ದೂರದಲ್ಲಿದ್ದಾಳೆ. ದಿನಾ ರಾತ್ರಿ ಎಂಟಕ್ಕೆ ಟ್ಯಾಬ್‌ನಲ್ಲಿ ವಿಡಿಯೋ ಕಾಲ್ ಮಾಡುತ್ತಾಳೆ. ಅಮ್ಮ ಏಳೂವರೆಗೇ ಟ್ಯಾಬ್ ಚಾರ್ಜ್ ನೋಡಿ, ಕನ್ನಡಕ ಒರೆಸಿ ಕೂತಿರುತ್ತಾರೆ.

ಒಂದೂವರೆ ತಿಂಗಳಿಂದ ಈ ಕಾಲ್ ನೆಟ್ಟಗೆ ನಡೆದಿಲ್ಲ. ಐದು ನಿಮಿಷಕ್ಕೋ ಹತ್ತು ನಿಮಿಷಕ್ಕೋ ಚಿತ್ರ ನಿಂತುಬಿಡುತ್ತದೆ. ಕೆಲವು ಸಲ ವೈ-ಫೈ ಗುರುತೇ ಮಾಯವಾಗುತ್ತದೆ. ಕೆಲವು ಸಲ ಗುರುತು ಇರುತ್ತದೆ, ಪಕ್ಕದಲ್ಲಿ ಆಶ್ಚರ್ಯ ಚಿಹ್ನೆ ಬಂದು ಇಂಟರ್ನೆಟ್ ಇಲ್ಲ ಅನ್ನುತ್ತದೆ. ತುಟಿ ನೋಡಿ ಅರ್ಥ ಮಾಡಿಕೊಳ್ಳುವವರಿಗೆ ಚಿತ್ರ ನಿಂತರೆ ಮಾತೇ ನಿಂತ ಹಾಗೆ. ಈಚೆಗೆ ಅಮ್ಮ "ಇರಲಿ ಬಿಡು, ಅವಳಿಗೂ ಕೆಲಸ ಇರುತ್ತೆ" ಅಂತ ತಾವೇ ಬೇಗ ಕಾಲ್ ಮುಗಿಸುತ್ತಿದ್ದಾರೆ. ಅದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ವಿವರ ಹೀಗಿದೆ. ಆಂಡ್ರಾಯ್ಡ್ ಟ್ಯಾಬ್, ಮೂರು ವರ್ಷ ಹಳೆಯದು, ಸಿಮ್ ಹಾಕುವುದಕ್ಕೆ ಬರುವುದಿಲ್ಲ. ರೂಟರ್ ಹಾಲ್‌ನಲ್ಲಿ ಟಿವಿಯ ಹಿಂದೆ ಇದೆ. ಅಮ್ಮನ ರೂಮ್‌ಗೂ ಹಾಲ್‌ಗೂ ನಡುವೆ ಎರಡು ಗೋಡೆ. ರೂಟರ್‌ನಲ್ಲಿ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎರಡೂ ಬ್ಯಾಂಡ್ (ವೈ-ಫೈ ಓಡುವ ರೇಡಿಯೋ ಪಟ್ಟಿ) ಇವೆ, ಆದರೆ ಎರಡಕ್ಕೂ ಒಂದೇ ವೈ-ಫೈ ಹೆಸರು. ಅಮ್ಮನ ರೂಮ್‌ನಲ್ಲೇ ಕೂತು ನನ್ನ ಫೋನ್ ಬಳಸಿದರೆ ಏನೂ ತೊಂದರೆ ಇಲ್ಲ. ಅದಕ್ಕೇ ಟ್ಯಾಬ್ ಒಳಗೇ ಏನೋ ಕೆಟ್ಟಿದೆ ಅನ್ನಿಸುತ್ತಿದೆ. ತಂಗಿ ಹೊಸ ಟ್ಯಾಬ್ ಕಳಿಸುತ್ತೇನೆ ಅನ್ನುತ್ತಿದ್ದಾಳೆ. ಆದರೆ ಅಮ್ಮನಿಗೆ ಈ ಟ್ಯಾಬ್ ಕೈಗೆ ಒಗ್ಗಿದೆ. ಯಾವ ಬಟನ್ ಎಲ್ಲಿದೆ ಅಂತ ಕಲಿಯುವುದಕ್ಕೇ ಆರು ತಿಂಗಳು ಹಿಡಿದಿತ್ತು. ಬದಲಾಯಿಸುವ ಮೊದಲು ಇದನ್ನೇ ಸರಿ ಮಾಡಲು ಆಗುತ್ತದಾ ಅಂತ ನೋಡಬೇಕು.

ಮೇಜುದೀಪ

ಮೊದಲು ಸುಲಭದ್ದು ಮಾಡಿ ನೋಡಿ. ವೈ-ಫೈ ಸೆಟ್ಟಿಂಗ್‌ನಲ್ಲಿ ನಿಮ್ಮ ನೆಟ್‌ವರ್ಕ್ ಹೆಸರನ್ನು ಅಳಿಸಿ, ಪಾಸ್‌ವರ್ಡ್ ಹಾಕಿ ಮತ್ತೆ ಸೇರಿಸಿ. ಬ್ಯಾಟರಿ ಸೇವರ್ ಆನ್ ಇದ್ದರೆ ಆಫ್ ಮಾಡಿ. ರೂಟರ್‌ನ ಪ್ಲಗ್ ತೆಗೆದು ಒಂದು ನಿಮಿಷ ಬಿಟ್ಟು ಹಾಕಿ. ಟ್ಯಾಬ್‌ಗೂ ರೂಟರ್‌ಗೂ ಹೊಸ ಅಪ್‌ಡೇಟ್ ಬಂದಿದೆಯಾ ನೋಡಿ. ಇಷ್ಟಕ್ಕೂ ಆಗದಿದ್ದರೆ ನೆಟ್‌ವರ್ಕ್ ಸೆಟ್ಟಿಂಗ್ ರೀಸೆಟ್ ಮಾಡಿ. ಫೋಟೋ, ಆ್ಯಪ್ ಏನೂ ಹೋಗುವುದಿಲ್ಲ, ಚಿಂತೆ ಬೇಡ.

ಆಮೇಲೆ, ಎರಡು ಬ್ಯಾಂಡ್‌ಗೂ ಬೇರೆ ಬೇರೆ ಹೆಸರು ಮಾಡಿ ಟ್ಯಾಬ್ ಅನ್ನು 2.4ಕ್ಕೆ ಹಾಕಿ. 5 ಗಿಗಾಹರ್ಟ್ಸ್‌ಗೆ ವೇಗ ಜಾಸ್ತಿ, ಆದರೆ ಗೋಡೆ ದಾಟುವಾಗ ಬೇಗ ಸೊರಗುತ್ತದೆ. 2.4 ನಿಧಾನ, ಆದರೆ ದೂರ ಹೋಗುತ್ತದೆ. ಒಂದು ವಿಡಿಯೋ ಕಾಲ್‌ಗೆ 2.4 ಧಾರಾಳ ಸಾಕು.

ಅಮ್ಮನ_ಮಗಳು

ಧನ್ಯವಾದ. ನೀವು ಹೇಳಿದ್ದನ್ನೆಲ್ಲ ಮಾಡಿದೆ. ಬ್ಯಾಟರಿ ಸೇವರ್ ಆಫ್ ಇತ್ತು, ಅಪ್‌ಡೇಟ್ ಯಾವುದೂ ಬಾಕಿ ಇರಲಿಲ್ಲ. ರೀಸೆಟ್ ಮಾಡಿದ ಮಾರನೇ ದಿನವೇ ಮತ್ತೆ ಹೋಯಿತು.

ಇನ್ನೊಂದು ವಿಷಯ, ಇದನ್ನು ಓದುವವರಿಗೆ ಗೊತ್ತಿರಲಿ. ನೆಟ್‌ವರ್ಕ್ ರೀಸೆಟ್ ಮಾಡಿದರೆ ವೈ-ಫೈ ಪಾಸ್‌ವರ್ಡ್‌ಗಳ ಜೊತೆಗೆ ಬ್ಲೂಟೂತ್ ಜೋಡಣೆಗಳೂ ಹೋಗುತ್ತವೆ. ಅಮ್ಮನ ಕಿವಿ ಮಿಷನ್ ಟ್ಯಾಬ್‌ನಿಂದ ಬಿಟ್ಟುಹೋಯಿತು. ರಾತ್ರಿ ಎಂಟಕ್ಕೆ ತಂಗಿಯ ಕಾಲ್ ಬಂದಾಗ ಸದ್ದು ಟ್ಯಾಬ್‌ನ ಸ್ಪೀಕರ್‌ನಲ್ಲಿ ಬಂತು. ಅಮ್ಮ ತಮ್ಮ ಮಿಷನ್ನೇ ಕೆಟ್ಟಿತು ಅಂದುಕೊಂಡು ಗಾಬರಿಯಾದರು. ಮತ್ತೆ ಜೋಡಿಸುವ ಹೊತ್ತಿಗೆ ಅರ್ಧ ಗಂಟೆ ಹೋಗಿತ್ತು. ಕಿವಿ ಮಿಷನ್ ಬಳಸುವವರು ಮನೆಯಲ್ಲಿದ್ದರೆ ರೀಸೆಟ್ ಮಾಡುವ ಮೊದಲೇ ಅದನ್ನು ಜೋಡಿಸುವ ಕ್ರಮ ಓದಿಟ್ಟುಕೊಳ್ಳಿ.

2.4ಕ್ಕೆ ಹಾಕಿದಾಗ ವೈ-ಫೈ ಗುರುತು ಮಾಯವಾಗಲಿಲ್ಲ, ಅದು ನಿಜ. ಆದರೆ ಕಿವಿಗೆ ಬರುವ ಸದ್ದು ತುಂಡು ತುಂಡಾಯಿತು. ಮೊದಲು ಹೀಗೆ ಆಗುತ್ತಿರಲಿಲ್ಲ. ಅಮ್ಮ ಎರಡೇ ದಿನಕ್ಕೆ ಬೇಡ ಅಂದರು, ಹಾಗಾಗಿ ಮೊದಲಿನ ಹಾಗೇ ಒಂದೇ ಹೆಸರಿಗೆ ತಂದಿದ್ದೇನೆ. ಆಶ್ಚರ್ಯ ಚಿಹ್ನೆ ಮಾತ್ರ 2.4ರಲ್ಲೂ ಒಂದು ಸಲ ಬಂತು.

ರಾತ್ರಿಪಾಳಿ

ನಾನು ನೆಟ್‌ವರ್ಕ್ ಕೆಲಸದಲ್ಲೇ ಇರುವವನು. ನಿಮ್ಮ ಬರಹದಲ್ಲಿ ಎರಡು ವಿಷಯ ಕಣ್ಣಿಗೆ ಬಿದ್ದವು.

ಮೊದಲನೆಯದು. ಗುರುತೇ ಮಾಯವಾಗುವುದು ಒಂದು ಕಾಯಿಲೆ, ಗುರುತಿದ್ದು ಆಶ್ಚರ್ಯ ಚಿಹ್ನೆ ಬರುವುದು ಇನ್ನೊಂದು. ಗುರುತು ಹೋದರೆ ಟ್ಯಾಬ್‌ಗೂ ರೂಟರ್‌ಗೂ ನಡುವಿನ ರೇಡಿಯೋ ಸಂಪರ್ಕವೇ ಕಡಿದಿದೆ ಅಂತ ಅರ್ಥ. ಸಿಗ್ನಲ್ ಸಾಲದೆ ಹೋಗಿರಬಹುದು, ಇಲ್ಲವೇ ರೂಟರ್ ತಾನೇ ಟ್ಯಾಬ್ ಅನ್ನು ಹೊರಗೆ ಹಾಕಿರಬಹುದು. ಚಿಹ್ನೆ ಬಂದರೆ ರೇಡಿಯೋ ಸಂಪರ್ಕ ಇದೆ, ಅದರ ಮೇಲೆ ಡೇಟಾ ಹೋಗಿ ಬರುತ್ತಿಲ್ಲ. ಐಪಿ ಅಡ್ರೆಸ್‌ನ (ನೆಟ್‌ವರ್ಕ್‌ನಲ್ಲಿ ಪ್ರತಿ ಉಪಕರಣಕ್ಕೂ ಇರುವ ನಂಬರ್) ತೊಂದರೆಯೋ, ರೂಟರ್‌ನಿಂದ ಆಚೆಗಿನ ಲೈನ್ ತೊಂದರೆಯೋ ಇರಬೇಕು. ಎರಡನ್ನೂ ಒಂದೇ ಅಂದುಕೊಂಡು ಮದ್ದು ಹುಡುಕಿದರೆ ಸಿಗುವುದೇ ಇಲ್ಲ. ಒಂದು ಸರಿಯಾದರೂ ಇನ್ನೊಂದು ಉಳಿದಿರುತ್ತದೆ, ಏನೂ ಪ್ರಯೋಜನ ಆಗಲಿಲ್ಲ ಅಂತ ಸರಿ ಮಾಡಿದ್ದನ್ನೂ ವಾಪಸ್ ಕೆಡಿಸುತ್ತೇವೆ. ನೀವು 2.4ಕ್ಕೆ ಹಾಕಿದಾಗ ಆಗಿದ್ದೂ ಬಹುಶಃ ಅದೇ. ಗುರುತು ಮಾಯವಾಗುವುದು ನಿಂತಿತು, ಚಿಹ್ನೆ ಮಾತ್ರ ಉಳಿಯಿತು.

ಎರಡನೆಯದು ನಿಮ್ಮ ಫೋನ್. ಅದರಲ್ಲಿ ಸಿಮ್ ಇದೆ ಅಲ್ವಾ? ವೈ-ಫೈ ಸೋತ ಕ್ಷಣವೇ ಫೋನ್ ಸುಮ್ನೆ ಮೊಬೈಲ್ ಡೇಟಾಕ್ಕೆ ಹೋಗಿಬಿಡುತ್ತದೆ. ವಿಡಿಯೋ ಓಡುತ್ತಲೇ ಇರುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಟ್ಯಾಬ್‌ಗೆ ಬೇರೆ ದಾರಿ ಇಲ್ಲ, ಅದಕ್ಕೇ ನಿಂತುಬಿಡುತ್ತದೆ. ಫೋನ್‌ನ ಮೊಬೈಲ್ ಡೇಟಾ ಆಫ್ ಮಾಡಿ, ಅಮ್ಮ ಕೂರುವ ಜಾಗದಲ್ಲೇ ಇಟ್ಟು, ಒಂದು ಗಂಟೆ ವಿಡಿಯೋ ಓಡಿಸಿ ನೋಡಿ. ಹೊಸ ಟ್ಯಾಬ್ ಬೇಕಾ ಬೇಡವಾ ಅನ್ನುವುದು ಆಮೇಲಿನ ಮಾತು.

ಹಾಗೇ ಒಂದು ವಾರ ಏನನ್ನೂ ಬದಲಾಯಿಸಬೇಡಿ. ಬರೀ ಬರೆದಿಡಿ. ಹೋದ ಸಮಯ, ಟ್ಯಾಬ್ ಇದ್ದ ಜಾಗ, ಗುರುತು ಹೋಯಿತಾ ಚಿಹ್ನೆ ಬಂತಾ, ಆ ಹೊತ್ತಿಗೆ ಮನೆಯಲ್ಲಿ ಏನೇನು ಆನ್ ಇತ್ತು. ಸಮಯ ಮುಖ್ಯ. ಸರಿಯಾಗಿ ಗಂಟೆಗೊಂದು ಸಲ ಹೋಗುತ್ತಿದ್ದರೆ ರೂಟರ್ ತನ್ನ ಕೀ (ಡೇಟಾ ಗುಟ್ಟಾಗಿಡುವ ಸಂಕೇತ) ಬದಲಾಯಿಸುವ ಅವಧಿ ನೋಡಬೇಕಾಗುತ್ತದೆ. ಅದು ಎಷ್ಟೋ ರೂಟರ್‌ಗಳಲ್ಲಿ 3600 ಸೆಕೆಂಡ್ ಇರುತ್ತದೆ, ನಿದ್ದೆಯಲ್ಲಿರುವ ಹಳೇ ಟ್ಯಾಬ್‌ಗಳಿಗೆ ಆಗ ಹೊಸ ಕೀ ಸಿಗದೆ ಸಂಪರ್ಕ ಕಡಿಯುವುದುಂಟು. ವೈ-ಫೈ ಬಲ ತೋರಿಸುವ ಒಂದು ಆ್ಯಪ್ ಹಾಕಿಕೊಂಡು ಡಿಬಿಎಂ (ಸಿಗ್ನಲ್ ಬಲದ ಅಳತೆ) ಲೆಕ್ಕವನ್ನೂ ಬರೆಯಿರಿ. ಅದು ಮೈನಸ್‌ನಲ್ಲಿ ಇರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 67ರ ಆಸುಪಾಸು ಇದ್ದರೆ ವಿಡಿಯೋ ಕಾಲ್ ನೆಮ್ಮದಿಯಾಗಿ ನಡೆಯುತ್ತದೆ. ಮೈನಸ್ 80 ಅಂದರೆ ಯಾವಾಗ ಬೇಕಾದರೂ ಕಡಿಯಬಹುದು.

ಅಮ್ಮನ_ಮಗಳು (ಎಂಟು ದಿನದ ನಂತರ)

ಬರೆದಿಟ್ಟಿದ್ದೇನೆ. ಕ್ಯಾಲೆಂಡರ್ ಹಾಳೆಯ ಹಿಂದೆ ಅಮ್ಮನೂ ಬರೆದಿದ್ದಾರೆ. ನಾನು ಇಲ್ಲದಾಗ ಆಗಿದ್ದೆಲ್ಲ ಅವರ ಕೈಬರಹ.

ಮೊದಲು ಫೋನ್ ವಿಷಯ. ಮೊಬೈಲ್ ಡೇಟಾ ಆಫ್ ಮಾಡಿ ಅಮ್ಮನ ಮಂಚದ ಮೇಲೆ ಇಟ್ಟೆ. 40 ನಿಮಿಷದಲ್ಲಿ ಎರಡು ಸಲ ವಿಡಿಯೋ ನಿಂತಿತು! ಒಂದೂವರೆ ತಿಂಗಳು ಸುಮ್ನೆ ಟ್ಯಾಬ್ ಮೇಲೆ ತಪ್ಪು ಹೊರಿಸಿದ್ದೆ.

ಎಂಟು ದಿನದಲ್ಲಿ ಟ್ಯಾಬ್‌ನಲ್ಲಿ ಒಟ್ಟು 13 ಸಲ ಹೋಗಿದೆ. ಗುರುತೇ ಮಾಯವಾಗಿದ್ದು 9 ಸಲ. ಒಂಬತ್ತೂ ಅಮ್ಮನ ರೂಮ್‌ನಲ್ಲೇ, ಹಾಲ್‌ನಲ್ಲಿ ಒಂದೂ ಇಲ್ಲ. ಸಮಯಕ್ಕೆ ಯಾವ ಲೆಕ್ಕವೂ ಇಲ್ಲ, ಗಂಟೆಗೊಂದು ಅಂತ ಏನೂ ಕಾಣಲಿಲ್ಲ. ಅಮ್ಮ ಕೂರುವ ಜಾಗದಲ್ಲಿ 5 ಗಿಗಾಹರ್ಟ್ಸ್ ಬಲ ಮೈನಸ್ 79, 81, 82 ಹೀಗೆ ತೋರಿಸುತ್ತದೆ. ಹಾಲ್‌ನಲ್ಲಿ ಮೈನಸ್ 48.

ಆಶ್ಚರ್ಯ ಚಿಹ್ನೆ ಬಂದಿದ್ದು 4 ಸಲ. ಅದು ಹಾಲ್‌ನಲ್ಲೂ ಬಂದಿದೆ, ರೂಮ್‌ನಲ್ಲೂ ಬಂದಿದೆ. ಆಗ ಫೋನ್‌ನ ವೈ-ಫೈ ಚೆನ್ನಾಗೇ ಇತ್ತು, ಮೊಬೈಲ್ ಡೇಟಾ ಆಫ್ ಮಾಡಿಯೇ ನೋಡಿದೆ. ನಾಲ್ಕೂ ಸಂಜೆ ಏಳರಿಂದ ಎಂಟೂವರೆ ಒಳಗೆ. ಯಾಕೆ ಅಂತ ತಿಳಿಯುತ್ತಿಲ್ಲ. ಆ ಹೊತ್ತಿಗೆ ಮಗ ಓದಲು ಕೂತಿರುತ್ತಾನೆ, ಲ್ಯಾಪ್‌ಟಾಪ್ ಆನ್ ಇರುತ್ತದೆ, ಅಷ್ಟೇ.

ತಂತಿಜಾಲ

ಚಿಹ್ನೆ ಬಂದಾಗ ಟ್ಯಾಬ್‌ನ ಐಪಿ ಅಡ್ರೆಸ್ ಏನಿತ್ತು? ವೈ-ಫೈ ಹೆಸರಿನ ಪಕ್ಕದ ಗೇರ್ ಗುರುತು ಒತ್ತಿದರೆ ಕಾಣುತ್ತದೆ. 169.254 ಅಂತ ಶುರುವಾಗುತ್ತಿದ್ದರೆ ಅಥವಾ ಖಾಲಿ ಇದ್ದರೆ ರೂಟರ್ ಅಡ್ರೆಸ್ ಕೊಟ್ಟೇ ಇಲ್ಲ ಅಂತ. ಸರಿಯಾದ ಅಡ್ರೆಸ್ ಇದ್ದೂ ನಡೆಯುತ್ತಿಲ್ಲ ಅಂದರೆ ಅದೇ ಅಡ್ರೆಸ್ ಇನ್ನೊಂದು ಉಪಕರಣದಲ್ಲೂ ಇರಬಹುದು.

ಮನೆಯಲ್ಲಿ ಯಾವಾಗಲೋ ಒಮ್ಮೆ ಮಾತ್ರ ಆನ್ ಮಾಡುವ ಉಪಕರಣ ಇದೆಯಾ? ಪ್ರಿಂಟರ್, ಕ್ಯಾಮೆರಾ, ಹಳೇ ಫೋನ್? ಒಂದು ಪರೀಕ್ಷೆ ಇದೆ. ಟ್ಯಾಬ್‌ನ ಅಡ್ರೆಸ್ ಬರೆದುಕೊಳ್ಳಿ. ಮುಂದಿನ ಸಲ ಚಿಹ್ನೆ ಬಂದಾಗ ಟ್ಯಾಬ್‌ನ ವೈ-ಫೈ ಆಫ್ ಮಾಡಿ, ಲ್ಯಾಪ್‌ಟಾಪ್‌ನಿಂದ ಆ ಅಡ್ರೆಸ್‌ಗೆ ಪಿಂಗ್ ಮಾಡಿ (ಅಲ್ಲಿ ಯಾರಾದರೂ ಇದ್ದಾರಾ ಅಂತ ಕೂಗಿ ಕೇಳುವುದು). ಟ್ಯಾಬ್ ಇಲ್ಲದಿದ್ದರೂ ಉತ್ತರ ಬಂದರೆ ಆ ನಂಬರ್‌ನಲ್ಲಿ ಬೇರೆ ಯಾರೋ ಕೂತಿದ್ದಾರೆ.

ಅಮ್ಮನ_ಮಗಳು

ಪ್ರಿಂಟರ್! ನಿಮ್ಮ ಪ್ರಶ್ನೆ ಓದುತ್ತಿದ್ದ ಹಾಗೇ ಹೊಳೆಯಿತು. ಮಗ ಓದುವಾಗ ಅಭ್ಯಾಸದ ಹಾಳೆಗಳನ್ನು ಪ್ರಿಂಟ್ ಮಾಡಿಕೊಳ್ಳುತ್ತಾನೆ. ಎಲ್ಲ ದಿನ ಅಲ್ಲ, ವಾರಕ್ಕೆ ಮೂರು ನಾಲ್ಕು ದಿನ. ಆಮೇಲೆ ಆಫ್ ಮಾಡುತ್ತಾನೆ.

ಟ್ಯಾಬ್‌ನ ಅಡ್ರೆಸ್ 192.168.1.12. ನಿನ್ನೆ ಸಂಜೆ ಬೇಕೆಂದೇ ಪ್ರಿಂಟರ್ ಆನ್ ಮಾಡಿಸಿದೆ. ಎರಡು ನಿಮಿಷದೊಳಗೆ ಟ್ಯಾಬ್‌ನಲ್ಲಿ ಚಿಹ್ನೆ ಬಂತು. ಟ್ಯಾಬ್‌ನ ವೈ-ಫೈ ಆಫ್ ಮಾಡಿ ಪಿಂಗ್ ಮಾಡಿದರೆ ಉತ್ತರ ಬರುತ್ತಲೇ ಇದೆ. ಪ್ರಿಂಟರ್‌ನ ಮೆನು ತೆಗೆದು ನೋಡಿದೆ. ಅಲ್ಲೂ 192.168.1.12. ನಾಲ್ಕು ವರ್ಷದ ಹಿಂದೆ ಲ್ಯಾಪ್‌ಟಾಪ್‌ಗೆ ಪ್ರಿಂಟರ್ ಸಿಗುತ್ತಿಲ್ಲ ಅಂತ ನಾನೇ ಆ ನಂಬರ್ ಕೈಯಿಂದ ಹಾಕಿದ್ದೆ. ಆಗ ಇದ್ದ ರೂಟರ್ ಬೇರೆ. ಎರಡು ತಿಂಗಳ ಹಿಂದೆ ರೂಟರ್ ಬದಲಾಯಿಸಿದೆವು, ಪ್ರಿಂಟರ್‌ನಲ್ಲಿ ನಂಬರ್ ಹಾಗೇ ಉಳಿದುಬಿಟ್ಟಿದೆ.

ಆದರೆ ಒಂದು ಅರ್ಥವಾಗಲಿಲ್ಲ. ಬೇರೆಯವರು ಇಟ್ಟುಕೊಂಡಿರುವ ನಂಬರನ್ನು ರೂಟರ್ ಯಾಕೆ ಟ್ಯಾಬ್‌ಗೆ ಕೊಡುತ್ತದೆ?

ತಂತಿಜಾಲ

ಪ್ರಿಂಟರ್‌ನ ನಂಬರ್ ರೂಟರ್ ಕೊಟ್ಟಿದ್ದಲ್ಲ, ಹಾಗಾಗಿ ಅದರ ಪಟ್ಟಿಯಲ್ಲಿ ಇಲ್ಲ. ಕೊಡುವ ಮೊದಲು ಆ ನಂಬರ್ ಯಾರಾದರೂ ಬಳಸುತ್ತಿದ್ದಾರಾ ಅಂತ ಕೆಲವು ರೂಟರ್‌ಗಳು ಕೂಗಿ ಕೇಳುತ್ತವೆ. ಪ್ರಿಂಟರ್ ಆಫ್ ಇದ್ದಾಗ ಯಾರೂ ಓಗೊಡುವುದಿಲ್ಲ. ಖಾಲಿ ಇದೆ ಅಂದುಕೊಂಡು ಟ್ಯಾಬ್‌ಗೆ ಕೊಡುತ್ತದೆ. ಒಮ್ಮೆ ಕೊಟ್ಟ ಮೇಲೆ ಅದೇ ಟ್ಯಾಬ್‌ಗೆ ಅದೇ ನಂಬರ್ ಕೊಡುವುದು ರೂಟರ್‌ಗಳ ರೂಢಿ, ಅದಕ್ಕೇ ಟ್ಯಾಬ್ ರೀಸ್ಟಾರ್ಟ್ ಮಾಡಿದರೂ ಸಾಮಾನ್ಯವಾಗಿ ಬದಲಾಗುವುದಿಲ್ಲ. ಸಂಜೆ ಪ್ರಿಂಟರ್ ಎದ್ದರೆ ಒಂದೇ ನಂಬರಿಗೆ ಇಬ್ಬರು. ಟ್ಯಾಬ್‌ಗೆ ಬರಬೇಕಾದ ಡೇಟಾ ಪ್ರಿಂಟರ್ ಬಾಗಿಲಿಗೆ ಹೋಗುತ್ತದೆ.

ಪರಿಹಾರ ಸುಲಭ. ಪ್ರಿಂಟರ್‌ನಲ್ಲಿ ಕೈಯಿಂದ ಹಾಕಿದ ನಂಬರ್ ತೆಗೆದು ಆಟೋಮ್ಯಾಟಿಕ್ ಮಾಡಿ. ಆಮೇಲೆ ರೂಟರ್‌ನ ಡಿಎಚ್‌ಸಿಪಿ (ಅಡ್ರೆಸ್ ಹಂಚುವ) ಪುಟದಲ್ಲಿ ಪ್ರಿಂಟರ್‌ಗೆ ಒಂದು ಅಡ್ರೆಸ್ ಕಾಯ್ದಿರಿಸಿ. ಆಗ ಪ್ರಿಂಟರ್ ಆಫ್ ಇದ್ದರೂ ಆ ನಂಬರ್ ಬೇರೆಯವರಿಗೆ ಹೋಗುವುದಿಲ್ಲ, ಲ್ಯಾಪ್‌ಟಾಪ್‌ಗೂ ಪ್ರಿಂಟರ್ ಸಿಗುತ್ತದೆ.

ರಾತ್ರಿಪಾಳಿ

ಒಂದು ಕಾಯಿಲೆ ಸಿಕ್ಕಿತು, ಒಳ್ಳೆಯದಾಯಿತು. ಈಗ ಇನ್ನೊಂದು.

2.4ಕ್ಕೆ ಹಾಕಿದಾಗ ಕಿವಿಯ ಸದ್ದು ತುಂಡಾಗಿದ್ದಕ್ಕೆ ಕಾರಣ ಇದೆ. ಬ್ಲೂಟೂತ್ ಕೂಡ 2.4 ಗಿಗಾಹರ್ಟ್ಸ್‌ನಲ್ಲೇ ಓಡುತ್ತದೆ. ಎಷ್ಟೋ ಟ್ಯಾಬ್‌ಗಳಲ್ಲಿ ವೈ-ಫೈಗೂ ಬ್ಲೂಟೂತ್‌ಗೂ ಒಂದೇ ಚಿಪ್, ಒಂದೇ ಆಂಟೆನಾ. 2.4ರಲ್ಲಿ ಎರಡೂ ಸರದಿ ಮೇಲೆ ಅದನ್ನು ಹಂಚಿಕೊಳ್ಳಬೇಕು. ಬರೀ ಹಾಡು ಕೇಳುವಾಗ ಸ್ವಲ್ಪ ತಡವಾದರೂ ತಿಳಿಯುವುದಿಲ್ಲ. ವಿಡಿಯೋ ಕಾಲ್‌ನಲ್ಲಿ ಚಿತ್ರ ಹೋಗಬೇಕು, ಬರಬೇಕು, ಸದ್ದು ಕಿವಿಗೆ ತಲುಪಬೇಕು, ಎಲ್ಲ ಒಂದೇ ಕ್ಷಣಕ್ಕೆ. ಅಲ್ಲಿ ಎಡವುತ್ತದೆ. ಬೇರೆಯವರಿಗೆ ನಾನೂ 2.4 ಅಂತಲೇ ಹೇಳುತ್ತಿದ್ದೆ. ನಿಮ್ಮ ಅಮ್ಮನಿಗೆ 5 ಗಿಗಾಹರ್ಟ್ಸೇ ಬೇಕು. ಆಗ 2.4 ಪೂರ್ತಿ ಕಿವಿ ಮಿಷನ್‌ಗೆ ಬಿಟ್ಟ ಹಾಗಾಗುತ್ತದೆ.

ಹಾಗಾದರೆ 5 ಗಿಗಾಹರ್ಟ್ಸ್ ಅವರ ರೂಮ್‌ಗೆ ಚೆನ್ನಾಗಿ ತಲುಪಬೇಕು. ರೂಟರ್ ಟಿವಿ ಹಿಂದೆ ಇದೆ ಅಂದಿರಿ. ಟಿವಿಯ ಬೆನ್ನಲ್ಲಿ ಲೋಹ ಇರುತ್ತದೆ, ಸಿಗ್ನಲ್ ಅಲ್ಲೇ ಅರ್ಧ ಸಾಯುತ್ತದೆ. ಅದನ್ನು ಹೊರಗೆ, ಎತ್ತರಕ್ಕೆ, ಅಮ್ಮನ ರೂಮ್‌ನ ಬಾಗಿಲು ಕಾಣುವ ಕಡೆ ಇಡಿ. ಮನೆಗೆ ಇಂಟರ್ನೆಟ್ ತರುವುದು ಫೈಬರ್ ತಂತಿಯಾದರೆ ಅದನ್ನು ಎಳೆಯಬೇಡಿ, ಚೂಪಾಗಿ ಮಡಿಸಬೇಡಿ. ಫೈಬರ್ ಡಬ್ಬಿ ಬೇರೆ, ರೂಟರ್ ಬೇರೆ ಇದ್ದರೆ ಡಬ್ಬಿಯನ್ನು ಅಲ್ಲೇ ಬಿಟ್ಟು ನಡುವಿನ ನೆಟ್‌ವರ್ಕ್ ಕೇಬಲ್ ಉದ್ದದ್ದು ಹಾಕಿ. ಅದು 100 ಮೀಟರ್‌ವರೆಗೂ ಹೋಗಬಹುದು, ನಿಮಗೆ ಹತ್ತು ಮೀಟರ್ ಸಾಕಾದೀತು. ಎರಡು ಬ್ಯಾಂಡ್‌ಗೂ ಬೇರೆ ಬೇರೆ ಹೆಸರು ಕೊಡಿ, ಟ್ಯಾಬ್‌ನಲ್ಲಿ 5ರ ಹೆಸರು ಮಾತ್ರ ಉಳಿಸಿ.

ಇನ್ನೊಂದು, 5 ಗಿಗಾಹರ್ಟ್ಸ್ ಚಾನೆಲ್ (ಬ್ಯಾಂಡ್‌ನೊಳಗಿನ ಸಣ್ಣ ಭಾಗ) ಆಟೋದಲ್ಲಿದ್ದರೆ 36, 40, 44, 48ರಲ್ಲಿ ಒಂದಕ್ಕೆ ನಿಲ್ಲಿಸಿ. 52ರಿಂದ 144ರವರೆಗಿನ ಚಾನೆಲ್‌ಗಳಲ್ಲಿ ರೇಡಾರ್‌ಗೆ ಮೊದಲ ಹಕ್ಕು. ಬಹಳ ದೇಶಗಳಲ್ಲಿ, ಅಲ್ಲಿ ರೇಡಾರ್ ಕಂಡರೆ ರೂಟರ್ ಜಾಗ ಬಿಟ್ಟು ಹೋಗಲೇಬೇಕು ಅಂತ ನಿಯಮ. ಆಗ 5 ಗಿಗಾಹರ್ಟ್ಸ್‌ನಲ್ಲಿರುವ ಎಲ್ಲ ಉಪಕರಣಗಳ ಸಂಪರ್ಕವೂ ಒಟ್ಟಿಗೆ ಕಡಿಯಬಹುದು. ನಿಮ್ಮದು ಅದಲ್ಲ ಅನ್ನಿಸುತ್ತದೆ, ಆದರೂ ನಿಲ್ಲಿಸಿಟ್ಟರೆ ಒಂದು ಅನುಮಾನ ಕಡಿಮೆ. ಒಂದೊಂದೇ ಬದಲಾವಣೆ ಮಾಡಿ, ಪ್ರತಿ ಸಲವೂ ಅಮ್ಮ ಕೂರುವ ಜಾಗದಲ್ಲೇ ಅಳೆಯಿರಿ.

ಅಮ್ಮನ_ಮಗಳು (ಮೂರು ವಾರದ ನಂತರ)

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ನಿಜವಾಗಿ ಸರಿಹೋಗಿದೆಯಾ ಅಂತ ಖಾತ್ರಿಯಾಗುವವರೆಗೂ ಬರೆಯಬಾರದು ಅಂತ ಕಾದಿದ್ದೆ.

ಪ್ರಿಂಟರ್‌ಗೆ ರೂಟರ್‌ನಲ್ಲೇ 192.168.1.50 ಕಾಯ್ದಿರಿಸಿದೆ. ಅವತ್ತಿನಿಂದ ಆಶ್ಚರ್ಯ ಚಿಹ್ನೆ ಒಮ್ಮೆಯೂ ಬಂದಿಲ್ಲ. ಮಗ ಎಂಟು ಗಂಟೆಗೇ ಪ್ರಿಂಟ್ ಮಾಡಿದರೂ ಬಂದಿಲ್ಲ.

ರೂಟರ್ ಅನ್ನು ಟಿವಿ ಹಿಂದಿನಿಂದ ತೆಗೆದು ಮೇಲಿನ ಶೆಲ್ಫ್‌ಗೆ ಇಟ್ಟಾಗ ಅಮ್ಮನ ಜಾಗದಲ್ಲಿ ಮೈನಸ್ 81 ಇದ್ದಿದ್ದು 72 ಆಯಿತು. ಉದ್ದದ ಕೇಬಲ್ ಹಾಕಿ ಹಾಲ್‌ನ ಇನ್ನೊಂದು ಗೋಡೆಗೆ, ಬಾಗಿಲ ಎದುರಿಗೆ ತಂದಾಗ 66. ಕೊನೆಗೆ ಅಮ್ಮನೇ ಒಂದು ಮಾತು ಹೇಳಿದರು. ಅವರ ಕುರ್ಚಿ ಕಬ್ಬಿಣದ ಬೀರುವಿನ ಪಕ್ಕ ಇತ್ತು, ಬೀರು ಸರಿಯಾಗಿ ರೂಟರ್‌ಗೂ ಟ್ಯಾಬ್‌ಗೂ ನಡುವೆ ಬರುತ್ತಿತ್ತು. "ನಾನೇ ಈ ಕಡೆ ಕೂತರೆ?" ಅಂದರು. ಕುರ್ಚಿಯನ್ನು ಕಿಟಕಿ ಕಡೆಗೆ ಎರಡು ಹೆಜ್ಜೆ ಸರಿಸಿದೆವು. ಈಗ ಮೈನಸ್ 61. ಮೊದಲಿನದಕ್ಕೂ ಈಗಿನದಕ್ಕೂ 20 ಡಿಬಿ ವ್ಯತ್ಯಾಸ, ಪ್ರತಿ 10ಕ್ಕೂ ಹತ್ತು ಪಟ್ಟು, ಅಂದರೆ ಸಿಗ್ನಲ್ ಬಲ 100 ಪಟ್ಟು. ಲೆಕ್ಕ ಹಾಕಿ ತೋರಿಸಿದಾಗ ಅಮ್ಮ ನಂಬಲೇ ಇಲ್ಲ.

ಚಾನೆಲ್ 44ಕ್ಕೆ ನಿಲ್ಲಿಸಿದ್ದೇನೆ. ಹೆಸರು ಬೇರೆ ಮಾಡಿದ್ದೇನೆ. ಮೂರು ವಾರದಲ್ಲಿ ವೈ-ಫೈ ಗುರುತು ಮಾಯವಾಗಿದ್ದು ಒಂದೇ ಸಲ, ಅದೂ ಕರೆಂಟ್ ಹೋದಾಗ. ಕಿವಿಯ ಸದ್ದು ತುಂಡಾಗುತ್ತಿಲ್ಲ. ತಂಗಿಗೆ ಹೊಸ ಟ್ಯಾಬ್ ಬೇಡ ಅಂತ ಹೇಳಿದ್ದೇನೆ.

ಕ್ಯಾಲೆಂಡರ್ ಹಾಳೆಯ ಹಿಂದೆ ಬರೆಯುವುದನ್ನು ಅಮ್ಮ ನಿಲ್ಲಿಸಿಲ್ಲ. ಈಗ ಕಾಲ್ ಎಷ್ಟು ಹೊತ್ತು ನಡೆಯಿತು ಅಂತ ಬರೆಯುತ್ತಾರೆ. ಮೊನ್ನೆ ಭಾನುವಾರದ ಸಾಲಿನಲ್ಲಿ 1 ಗಂಟೆ 10 ನಿಮಿಷ ಅಂತ ಇದೆ.